‘ಕಾನೂನಿನ ಪ್ರಕಾರ ನನಗೆ ಬೆಲೆಯೇ ಇಲ್ಲ’: ಫ್ರೀಜರಿನಲ್ಲಿರುವ ಒಂದು ಧನ್ಯವಾದದ ಸಂದರ್ಶನ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರ್ ಎಂದರೆ ಜಿಂಕೆ ಬೇಟೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ಬಂದೂಕಿನ ಸದ್ದು. ಲಕ್ಷಗಟ್ಟಲೆ ಜನ ಕಣ್ಣು ಕುಕ್ಕುವ ಕಿತ್ತಳೆ ಅಂಗಿ ತೊಟ್ಟು ಕಾಡು, ಹೊಲಗಳಿಗೆ ಇಳಿಯುತ್ತಾರೆ. (2016ರಿಂದ ಗುಲಾಬಿ ಬಣ್ಣಕ್ಕೂ ಅನುಮತಿ ಸಿಕ್ಕಿದೆ, ಜಿಂಕೆಗಳ ಅಭಿಪ್ರಾಯ ಕೇಳಿದಂತಿಲ್ಲ.) ರಾಜ್ಯದ ಬಹುಪಾಲು ನೆಲ ಖಾಸಗಿಯವರದು. ಬೋರ್ಡು ಇರಲಿ ಬಿಡಲಿ, ಒಡೆಯರನ್ನು ಕೇಳದೆ ಬೇಟೆಗೆ ಕಾಲಿಡುವಂತಿಲ್ಲ. ಗುಂಡು ತಗುಲಿದ ಜಿಂಕೆ ಪಕ್ಕದ ಹೊಲಕ್ಕೆ ಓಡಿ ಬಿದ್ದರೆ, ಅದನ್ನು ಎತ್ತಿಕೊಳ್ಳುವುದಕ್ಕೂ ಆ ಹೊಲದವರ ಒಪ್ಪಿಗೆ ಬೇಕು. ಹೀಗೆ ಒಪ್ಪಿಗೆ ಕೊಟ್ಟ ರೈತರಿಗೆ ಬೇಟೆಗಾರರು ಬೇಟೆ ಮುಗಿದ ಮೇಲೆ ಏನಾದರೊಂದು ಕೊಟ್ಟು ಧನ್ಯವಾದ ಹೇಳುವುದು ರೂಢಿ. ಅಂಥ ಒಂದು ಧನ್ಯವಾದ, ಹೈನುಗಾರರೊಬ್ಬರ ಗ್ಯಾರೇಜಿನ ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಕೆಳಗೆ ಮಲಗಿಕೊಂಡೇ ನಮ್ಮ ಜೊತೆ ಮಾತಾಡಲು ಒಪ್ಪಿತು.

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ?

ಉತ್ತರ: ಮೊದಲು ಆ ಮುಚ್ಚಳ ಅರ್ಧ ಇಳಿಸಿ. ಕರಗಿಬಿಟ್ಟರೆ ನಾನು ಬೇಗ ಮಾತು ಮುಗಿಸಬೇಕಾಗುತ್ತೆ. ನನ್ನ ಹೆಸರು ಸಮ್ಮರ್ ಸಾಸೇಜ್. ಬಿಳಿಬಾಲದ ಜಿಂಕೆಯ ಮಾಂಸ. ಜಿಂಕೆಯಲ್ಲಿ ಕೊಬ್ಬು ಕಡಿಮೆ, ಅದಕ್ಕೇ ಒಂದಿಷ್ಟು ಹಂದಿಯ ಕೊಬ್ಬು ಸೇರಿಸುತ್ತಾರೆ. ಸಾಸಿವೆ, ಮೆಣಸು, ಬೆಳ್ಳುಳ್ಳಿ, ಮೇಲೆ ಹೊಗೆ. ಉದ್ಯೋಗ, ಕೃತಜ್ಞತೆ.

ಪ್ರಶ್ನೆ: ಕೃತಜ್ಞತೆ ಉದ್ಯೋಗವೇ?

ಉತ್ತರ: ನನಗಂತೂ ಹೌದು. ನನ್ನನ್ನು ತಿನ್ನಲಿಕ್ಕೆ ಮಾಡಿದ್ದು ಅಂದುಕೊಂಡಿರಾ? ಕೊಡಲಿಕ್ಕೆ ಮಾಡಿದ್ದು. ನನ್ನ ಕೆಳಗೆ ಮಲಗಿರೋರು ಹೋದ ವರ್ಷದ ಧನ್ಯವಾದ. ಅವರ ಕೆಳಗಿರೋರ ಚೀಟಿಯ ಮೇಲೆ ಮಂಜು ಹಿಡಿದು ವರ್ಷವೇ ಓದಲಿಕ್ಕೆ ಬರಲ್ಲ. ನಾವೆಲ್ಲ ಸೇರಿದರೆ ಈ ಮನೆಗೆ ಸಂದ ಗೌರವದ ಪೂರ್ಣ ದಾಖಲೆ.

ಪ್ರಶ್ನೆ: ಮನೆಯವರು ತಿನ್ನುವುದೇ ಇಲ್ಲವೇ?

ಉತ್ತರ: ತಿನ್ನುತ್ತಾರೆ. ಮೊದಲನೆಯದನ್ನು. ಆದರೆ ಇವರ ಜಮೀನಿಗೆ ನಾಲ್ಕು ತಂಡ ಬರುತ್ತೆ, ಅದರಲ್ಲಿ ಮೂರು ನಮ್ಮನ್ನೇ ತರುತ್ತೆ. ಮನೆಯಾಕೆ ಒಂದನ್ನು ಹಾಲಿನ ಲಾರಿ ಡ್ರೈವರಿಗೆ ಕೊಟ್ಟರು. ಅವನು ಬೇರೊಬ್ಬ ರೈತರಿಗೆ ಕೊಟ್ಟ. ಕ್ರಿಸ್‌ಮಸ್ಸಿಗೆ ಅದೇ ಸಾಸೇಜು ಹೊಸ ರಿಬ್ಬನ್ ಕಟ್ಟಿಸಿಕೊಂಡು ಈ ಬಾಗಿಲಿಗೇ ವಾಪಸ್ ಬಂತು.

(ಗೌರಿ ಹಬ್ಬದಲ್ಲಿ ಮನೆಯಿಂದ ಮನೆಗೆ ಸುತ್ತಿ, ಯಾರ ಮೈಯನ್ನೂ ಮುಟ್ಟದೆ ಹಳೆಯದಾಗುವ ರವಿಕೆ ಕಣ ನೆನಪಾಯಿತು. ಸಂದರ್ಶಕನಾಗಿ ಸುಮ್ಮನಿದ್ದೆ.)

ಪ್ರಶ್ನೆ: ಆದರೂ ಕಾಣಿಕೆ ಕಾಣಿಕೆಯೇ. ಬೇಟೆಗಾರರು ತಮ್ಮದೊಂದು ಭಾಗ ಕೊಡುತ್ತಿದ್ದಾರಲ್ಲ?

ಉತ್ತರ: ತಮ್ಮದು? ಸ್ವಲ್ಪ ಲೆಕ್ಕ ಹಾಕೋಣ. ಆ ಜಿಂಕೆ ಬೇಸಿಗೆಯೆಲ್ಲ ಮೇಯ್ದದ್ದು ಇದೇ ಯಜಮಾನರ ಮೆಕ್ಕೆಜೋಳ, ಸೋಯಾ. ಹಸುಗಳಿಗೆ ಅಂತ ಬೆಳೆದ ಅಲ್ಫಾಲ್ಫಾ ಮೇವನ್ನೂ ಬಿಟ್ಟಿಲ್ಲ. ಬಿದ್ದದ್ದು ಇವರ ಹೊಲದಲ್ಲಿ. ಎಳೆದುಕೊಂಡು ಹೋದದ್ದು ಇವರ ಟ್ರ್ಯಾಕ್ಟರಿನಲ್ಲಿ. ಈಗ ತಣ್ಣಗಿರುವುದು ಇವರ ಕರೆಂಟಿನಲ್ಲಿ. ಬೇಟೆಗಾರರ ಸ್ವಂತದ್ದು ಅಂತ ಇದ್ದದ್ದು ರಿಬ್ಬನ್ನು, ಮತ್ತೆ ಗುಂಡು. ಕೆಲವು ಸಲ ಗುಂಡಿನ ಚೂರೂ ನನ್ನೊಳಗೇ ಉಳಿದಿರುತ್ತೆ, ಆಗ ಕಾಣಿಕೆ ಪೂರ್ತಿ.

ಪ್ರಶ್ನೆ: ಹಾಗಾದರೆ ತಮ್ಮ ಬೆಲೆ ಎಷ್ಟು?

ಉತ್ತರ: (ಹೆಮ್ಮೆಯಿಂದ) ಸೊನ್ನೆ. ನಾನು ಹೇಳುವ ಮಾತಲ್ಲ, ವಿಸ್ಕಾನ್ಸಿನ್ ಕಾನೂನಿನ 895.52ನೇ ಸೆಕ್ಷನ್ ಹೇಳುವ ಮಾತು. ಬೇಟೆಗೋ ಮೀನಿಗೋ ಬಂದವನು ಜಮೀನಿನಲ್ಲಿ ಎಡವಿ ಬಿದ್ದು ಕಾಲು ಮುರಿದುಕೊಂಡರೆ ಒಡೆಯರ ಮೇಲೆ ದಾವೆ ಹೂಡಿ ಗೆಲ್ಲುವುದು ಕಷ್ಟ. ಉದಾರವಾಗಿ ಜಾಗ ಬಿಟ್ಟುಕೊಟ್ಟವರಿಗೆ ಕಾನೂನಿನ ರಕ್ಷಣೆ. ಆದರೆ ಅದೇ ಒಡೆಯರು ವರ್ಷಕ್ಕೆ 2,000 ಡಾಲರಿಗಿಂತ ಹೆಚ್ಚು ವಸೂಲಿ ಮಾಡಿದರೋ, ಆ ರಕ್ಷಣೆ ಹೋಯಿತು. ಆಗ ಅದು ಉದಾರತನವಲ್ಲ, ವ್ಯಾಪಾರ. ಇಲ್ಲಿ ನನ್ನ ಪ್ರವೇಶ. ಬೇಟೆಯಲ್ಲಿ ಸಿಕ್ಕ ಪ್ರಾಣಿಯನ್ನೋ ಅದರಿಂದ ಮಾಡಿದ್ದನ್ನೋ ಉಡುಗೊರೆ ಕೊಟ್ಟರೆ ಅದು ಹಣ ಪಾವತಿಯ ಲೆಕ್ಕಕ್ಕೆ ಬರುವುದೇ ಇಲ್ಲ ಅಂತ ಅದೇ ಸೆಕ್ಷನ್ನು ಬರೆದಿಟ್ಟಿದೆ. ಗ್ಯಾರೇಜು ತುಂಬ ನನ್ನನ್ನು ಪೇರಿಸಿದರೂ ಮೊತ್ತ ಸೊನ್ನೆ. ಇನ್ನು ಬೇಟೆ ಮಾಂಸವನ್ನು ಮಾರುವಂತೆಯೂ ಇಲ್ಲ. ಮಾರಲಾಗದ, ಲೆಕ್ಕಕ್ಕಿಲ್ಲದ ವಸ್ತು ನಾನು. ಗೌರವ ಸಲ್ಲಿಸಲಿಕ್ಕೆ ಇನ್ನೇನು ಬೇಕು?

ಪ್ರಶ್ನೆ: ಆರೋಗ್ಯದ ದೃಷ್ಟಿಯಿಂದ ಏನಾದರೂ ಹೇಳುವಿರಾ?

ಉತ್ತರ: ಆ ಪ್ರಶ್ನೆ ಬೇಡವಾಗಿತ್ತು. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ ಪತ್ತೆಯಾಯಿತು. ಜಿಂಕೆ ಸೊರಗಿ ಸೊರಗಿ ಸಾಯುತ್ತೆ. ಬೇಯಿಸಿದರೂ ಹೋಗದ ರೋಗ. ಮನುಷ್ಯರಿಗೆ ಬಂದದ್ದು ಖಚಿತವಾಗಿಲ್ಲ, ಆದರೂ ರೋಗವಿದ್ದ ಜಿಂಕೆಯನ್ನು ತಿನ್ನಬೇಡಿ ಅನ್ನುತ್ತಾರೆ ಆರೋಗ್ಯದವರು. ಪರೀಕ್ಷೆಗೆ ಏರ್ಪಾಡಿದೆ. ಮಾಡಿಸಿದ್ದೀಯೇನಪ್ಪಾ ಅಂತ ಉಡುಗೊರೆ ತಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಲಿಕ್ಕಾಗುತ್ತಾ? ಕೆಲವು ಅಂಗಡಿಗಳಲ್ಲಿ ನಾಲ್ಕಾರು ಜನರ ಜಿಂಕೆ ಒಟ್ಟಿಗೇ ಅರೆದು ನಮ್ಮನ್ನು ಮಾಡುತ್ತಾರೆ. ನನ್ನೊಳಗೆ ಎಷ್ಟು ಜಿಂಕೆ ಇವೆ ಅಂತ ನನಗೇ ಗೊತ್ತಿಲ್ಲ.

ಪ್ರಶ್ನೆ: ಬೆಳೆ ಹಾನಿಗೆ ಸರ್ಕಾರ ಪರಿಹಾರ ಕೊಡುವುದಿಲ್ಲವೇ? ನಮ್ಮ ಕರ್ನಾಟಕದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತಿದೆ. ಆನೆಯೋ ಹಂದಿಯೋ ಬೆಳೆ ತಿಂದರೆ ರೈತರು ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಕಾಯುತ್ತಾರೆ.

ಉತ್ತರ: ಇಲ್ಲೂ ಕೊಡುತ್ತಾರೆ, ಬೇಟೆ ಪರವಾನಗಿಯಿಂದ ಬಂದ ಹಣದಲ್ಲಿ. ಒಂದು ಷರತ್ತು. ಪರಿಹಾರ ಪಡೆದವರು ಬೇಟೆಗಾರರಿಗೆ ಜಮೀನು ಬಿಟ್ಟುಕೊಡಬೇಕು. ಅಲ್ಲಿಗೆ ಜೋಳ ಹೋದ ದುಃಖಕ್ಕೆ ಚೆಕ್ಕು, ಚೆಕ್ಕಿನ ಹಿಂದೆ ಬೇಟೆಗಾರ, ಬೇಟೆಗಾರನ ಹಿಂದೆ ನಾನು. ಅಂದಹಾಗೆ, ನಿಮ್ಮಲ್ಲಿ ಬಂದೂಕೇ ಇಲ್ಲವಾ?

ಪ್ರಶ್ನೆ: ಕೊಡಗಿನಲ್ಲಿದೆ. ಕೈಲ್ ಮುಹೂರ್ತದ ದಿನ ಬಂದೂಕಿಗೆ ಹೂವಿಟ್ಟು ಪೂಜಿಸುತ್ತಾರೆ. ಗುರಿ ಮಾತ್ರ ಈಗ ತೆಂಗಿನಕಾಯಿಗೆ.

ಉತ್ತರ: ತೆಂಗಿನಕಾಯಿ! ಅದರಿಂದ ಸಾಸೇಜು ಆಗಲ್ಲ. ಪುಣ್ಯವಂತರು ಆ ತೋಟದವರು.

ಪ್ರಶ್ನೆ: ಎಲ್ಲ ಬೇಟೆಗಾರರೂ ಹೀಗೇ ಇರಲಾರರು.

ಉತ್ತರ: ಇಲ್ಲ, ಅನ್ಯಾಯ ಹೇಳಬಾರದು. ನಾಲ್ಕು ತಂಡದಲ್ಲಿ ಒಂದು ಬೇರೆ. ಅವರ ವಿಷಯಕ್ಕೆ ಬರುತ್ತೇನೆ. ಮೊದಲು ಇನ್ನೊಂದು ತಂಡದ ಕಥೆ ಕೇಳಿ. ಅವರು ಕ್ರಿಸ್‌ಮಸ್ ಕಾರ್ಡು ಕಳಿಸುತ್ತಾರೆ, ಒಳಗೆ ಫೋಟೋ. ಸತ್ತ ಗಂಡು ಜಿಂಕೆಯ ಕೊಂಬು ಹಿಡಿದು ನಗುತ್ತಾ ಕೂತದ್ದು. ಅದೇ ಜಿಂಕೆಯನ್ನು ಮನೆಯಾಕೆ ಎರಡು ವರ್ಷ ಅಡುಗೆಮನೆ ಕಿಟಕಿಯಿಂದ ನೋಡಿದ್ದರು. ಅದಕ್ಕೊಂದು ಹೆಸರೂ ಇಟ್ಟಿದ್ದರು. ಫ್ರಿಜ್ಜಿನ ಬಾಗಿಲಿಗೆ ಎಲ್ಲರ ಕಾರ್ಡೂ ಅಂಟಿಸಿದರು, ಅದೊಂದನ್ನು ಡ್ರಾಯರಿಗೆ ಹಾಕಿದರು.

ಪ್ರಶ್ನೆ: ಯಜಮಾನರು ಏನಂದರು?

ಉತ್ತರ: ಅವರು ಮಾತಾಡೋದು ಗೇಟಿನ ವಿಷಯ ಮಾತ್ರ. ತೆರೆದಿದ್ದ ಗೇಟು ತೆರೆದೇ ಇರಲಿ, ಮುಚ್ಚಿದ್ದ ಗೇಟು ಮುಚ್ಚೇ ಇರಲಿ ಅಂತ ಪ್ರತಿ ವರ್ಷ ಹೇಳುತ್ತಾರೆ. ಪ್ರತಿ ವರ್ಷ ಯಾರೋ ಒಬ್ಬರು ಮರೆಯುತ್ತಾರೆ. ಎಳೆಗರುಗಳೆಲ್ಲ ರಸ್ತೆಗೆ. ಸಂಜೆ ಆ ಮನುಷ್ಯನೇ ನನ್ನಂಥ ಒಬ್ಬರನ್ನು ಹಿಡಿದುಕೊಂಡು ಬಾಗಿಲಿಗೆ ಬರುತ್ತಾನೆ. ಕರು ಹಿಡಿಯಲಿಕ್ಕೆ ಓಡಿ ಸೊಂಟ ಹಿಡಿದುಕೊಂಡವರ ಕೈಗೆ ಸಾಸೇಜು ಕೊಟ್ಟು, ‘ಮುಂದಿನ ವರ್ಷವೂ ಬರಬಹುದಲ್ಲ?’ ಅನ್ನುತ್ತಾನೆ. ಈಗ ನನ್ನ ನಿಜವಾದ ಉದ್ಯೋಗ ಗೊತ್ತಾಯಿತಾ? ಕೃತಜ್ಞತೆ ಅಂದದ್ದು ಮರ್ಯಾದೆಗೆ. ನಾನು ಮುಂದಿನ ವರ್ಷದ ಅರ್ಜಿ.

ಪ್ರಶ್ನೆ: ಆ ನಾಲ್ಕನೇ ತಂಡ?

ಉತ್ತರ: ಅಪ್ಪ, ಮಗಳು. ಹೋದ ಮೂರು ವರ್ಷವೂ ಅವರಿಗೆ ಜಿಂಕೆ ಸಿಕ್ಕಿಲ್ಲ. ಹಾಗಾಗಿ ನಮ್ಮಂಥವರು ಅವರ ಕಡೆಯಿಂದ ಯಾರೂ ಈ ಫ್ರೀಜರಿಗೆ ಬಂದಿಲ್ಲ. ಹೊಳೆ ಪಕ್ಕದ ಬೇಲಿಯ ತಂತಿ ಹರಿದಿದೆ ಅಂತ ಆ ಹುಡುಗಿ ಫೋನ್ ಮಾಡಿ ತಿಳಿಸಿದಳು. ತಂತಿ ಹರಿದವರು ಬೇರೆಯವರು, ಬೇರೆಯವರು ಬಿಟ್ಟುಹೋದ ಬಿಯರ್ ಡಬ್ಬಿಗಳನ್ನೂ ಇವರೇ ಆರಿಸಿದರು. ಫೆಬ್ರವರಿಯಲ್ಲಿ, ಬೇಟೆಯಿಲ್ಲದ ಕಾಲದಲ್ಲಿ, ಸುಮ್ಮನೆ ಕಾಫಿಗೆ ಬಂದು ಹೋದರು. ಅವತ್ತು ಯಜಮಾನರು ಕಡೆಗೊಮ್ಮೆ ನನ್ನ ಅಕ್ಕನನ್ನು ಹೊರಗೆ ತೆಗೆದು, ಹೋಳು ಮಾಡಿ, ಚೀಸ್ ಜೊತೆ ಅವರ ಮುಂದಿಟ್ಟರು. ನಮ್ಮ ಕುಲದಲ್ಲಿ ಅಂಥ ಸಾವು ಎಲ್ಲರಿಗೂ ಬರಲ್ಲ.

ಪ್ರಶ್ನೆ: ಇಂಥ ಸಂಬಂಧ ಮೊದಲಿನಿಂದಲೂ ಇತ್ತೇ?

ಉತ್ತರ: ಇತ್ತಪ್ಪಾ. 1931ರಲ್ಲಿ, ಇಲ್ಲೇ ಮ್ಯಾಡಿಸನ್ ನಗರದ ಪಶ್ಚಿಮಕ್ಕಿರುವ ರೈಲಿ ಎಂಬ ಊರಿನ ಹತ್ತಿರ, ಬೇಟೆಗೆ ಜಾಗ ಹುಡುಕುತ್ತಿದ್ದ ಆಲ್ಡೊ ಲಿಯೊಪೋಲ್ಡ್ ಬಾಯಾರಿ ಒಬ್ಬ ರೈತರ ಮನೆಯಲ್ಲಿ ನೀರು ಕೇಳಿದರು. ಮುಂದೆ ವನ್ಯಜೀವಿ ನಿರ್ವಹಣೆಯ ಮೊದಲ ಪ್ರೊಫೆಸರ್ ಆದವರು ಅವರೇ. ನೀರಿನ ಜೊತೆ ರೈತರ ಗೋಳೂ ಸಿಕ್ಕಿತು. ಕೇಳದೆ ನುಗ್ಗುವವರ ಕಾಟ, ಹಕ್ಕಿಗಳೇ ಉಳಿದಿಲ್ಲ ಅಂತ. ಇಬ್ಬರೂ ಮಾತಾಡಿ ಒಂದು ಸಹಕಾರ ಸಂಘ ಕಟ್ಟಿದರು. ನೆಲ ರೈತರದು, ಹಕ್ಕಿಗಳ ಚಳಿಗಾಲದ ಕಾಳಿನ ಖರ್ಚಿಗೆ ಪಟ್ಟಣದ ಬೇಟೆಗಾರರ ಹೆಗಲು. ಹಕ್ಕಿಗಳಿಗೆ ಆಸರೆಯಾಗಲೆಂದು ಪೊದೆ ನೆಟ್ಟರು, ಕದ್ದು ಬರುವವರನ್ನು ಕಾದರು. ಗಮನಿಸಿ, ಬೇಟೆಗಾರ ಮೊದಲು ಕೊಟ್ಟ, ಆಮೇಲೆ ಹೊಡೆದ. ಈಗ ಹೊಡೆದ ಮೇಲೆ ಕೊಡುತ್ತಾನೆ, ಅದೂ ರೈತರದ್ದನ್ನೇ.

ಪ್ರಶ್ನೆ: ಕೊನೆಯದಾಗಿ ಬೇಟೆಗಾರರಿಗೆ ಏನಾದರೂ ಸಂದೇಶ?

ಉತ್ತರ: ಸಂದೇಶ ಬೇಡ, ಒಂದು ಕೆಲಸ ಹೇಳುತ್ತೇನೆ. ಚಳಿಗಾಲದ ಹಿಮ ಇಲ್ಲಿನ ಹೊಲಗಳ ಕಲ್ಲನ್ನೆಲ್ಲ ಮೇಲಕ್ಕೆ ನೂಕುತ್ತೆ. ಬಿತ್ತನೆಗೆ ಮೊದಲು ಅವನ್ನು ಆರಿಸಿ ಬಂಡಿಗೆ ಹಾಕಬೇಕು, ಪ್ರತಿ ವಸಂತದಲ್ಲೂ. ನಮ್ಮ ಯಜಮಾನರಿಗೆ ಎಪ್ಪತ್ತು ದಾಟಿದೆ, ಮಕ್ಕಳು ಮಿಲ್ವಾಕಿಯಲ್ಲಿದ್ದಾರೆ. ಇವರ ಫೋನ್ ನಂಬರು ನಾಲ್ಕೂ ತಂಡದವರ ಹತ್ತಿರ ಇದೆ. ಏಪ್ರಿಲ್‌ನಲ್ಲಿ ಒಂದು ಶನಿವಾರ ಬನ್ನಿ. ಕೈಗವಸು ತನ್ನಿ, ಸಾಸೇಜು ಬೇಡ.