ಮಡಚಲು ಬಾರದವನ ಮಡಿಕೆ ಶಾಸ್ತ್ರ

ನಮ್ಮ ಮನೆಯ ಮಡಚುವ ಇಲಾಖೆಯಿಂದ ನನ್ನನ್ನು ವಜಾ ಮಾಡಿ ಬಹಳ ಕಾಲವಾಯಿತು. ನಾನು ಮಡಚಿಟ್ಟ ಪಂಚೆ ಬೀರುವಿನ ಬಾಗಿಲು ತೆಗೆದ ಕೂಡಲೇ ಕಾಲಿಗೆ ಬೀಳುತ್ತದೆ. ನಾನು ಓದಿ ಮುಗಿಸಿದ ಪೇಪರಿನಲ್ಲಿ ಕ್ರೀಡಾಪುಟದೊಳಗೆ ಶ್ರದ್ಧಾಂಜಲಿ ಪುಟ ಸೇರಿಕೊಂಡಿರುತ್ತದೆ; ಗೆದ್ದವರು ಯಾರು, ಸತ್ತವರು ಯಾರು ಎಂದು ಆಮೇಲೆ ಓದುವವರು ವಿಚಾರಿಸಿಕೊಂಡು ಬರಬೇಕು. ಮೂರು ಮಡಿಕೆಯ ಕೊಡೆಯನ್ನಂತೂ ಬಿಚ್ಚಲು ಮಾತ್ರ ನನಗೆ ಅಪ್ಪಣೆ. ಮಡಚಲು ಮಗಳೇ ಬರಬೇಕು.

ಇಂಥವನ ಕೈಗೆ ಒರಿಗಾಮಿ ಎಂಜಿನಿಯರಿಂಗ್ ಸಿಕ್ಕಿದ್ದು ಮನೆಯವರ ಗ್ರಹಚಾರ. ಕಾಗದದಲ್ಲಿ ಕೊಕ್ಕರೆ ಮಾಡುವ ಜಪಾನೀ ಹವ್ಯಾಸ ಎಂದುಕೊಂಡಿದ್ದೆ. ನೋಡಿದರೆ ದೊಡ್ಡ ದೊಡ್ಡ ವಿಜ್ಞಾನಿಗಳು ಸಂಬಳ ತೆಗೆದುಕೊಂಡು ಇದೇ ಕೆಲಸ ಮಾಡುತ್ತಿದ್ದಾರೆ! ಜಪಾನಿನ ಬಾಹ್ಯಾಕಾಶ ವಿಜ್ಞಾನಿ ಕೋರ್ಯೋ ಮಿಯುರಾ 1970ರ ಸುಮಾರಿಗೆ ಒಂದು ಮಡಿಕೆ ಕಂಡುಹಿಡಿದರು. ಉದ್ದಕ್ಕೆ ನೆಟ್ಟಗೆ, ಅಡ್ಡಕ್ಕೆ ನೆಟ್ಟಗೆ ಮಡಚುವುದು ನಮ್ಮ ನಿಮ್ಮ ಪದ್ಧತಿ. ಮಿಯುರಾ ಒಂದು ದಿಕ್ಕಿನ ಗೆರೆಗಳನ್ನು ಕೊಂಚ ಓರೆ ಮಾಡಿ ಅಂಕುಡೊಂಕಾಗಿ ಓಡಿಸಿದರು. ಅಷ್ಟಕ್ಕೇ ಚೌಕಗಳೆಲ್ಲ ವಾಲಿ ಸಮಾಂತರ ಚತುರ್ಭುಜಗಳಾದವು. ಒಂದು ಮಡಿಕೆ ಅಲ್ಲಾಡಿದರೆ ಉಳಿದವೆಲ್ಲ ಅಲ್ಲಾಡಲೇಬೇಕು ಎಂಬ ಸ್ಥಿತಿ ಬಂತು. ಎದುರುಬದುರು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ, ಒತ್ತಿದರೆ ಒಂದೇ ಸಲಕ್ಕೆ ಮುಚ್ಚಿಕೊಳ್ಳುತ್ತದೆ. ಮೊದಲು ಯಾವುದನ್ನು ಮಡಚಬೇಕು ಎಂದು ತಲೆ ಓಡಿಸುವ ಕೆಲಸವೇ ಇಲ್ಲ. ತಲೆ ಓಡಿಸುವ ಕೆಲಸ ಇಲ್ಲ ಎಂದ ಮೇಲೆ ಇದು ನನಗೆಂದೇ ಮಾಡಿದ್ದು ಎನ್ನುವುದು ಖಾತ್ರಿಯಾಯಿತು.

“ಗೆರೆ ಓರೆ ಮಾಡಿದ್ದಕ್ಕೇ ವಿಜ್ಞಾನಿ ಅಂತಾರೇನ್ರೀ?” ಎಂದಳು ಹೆಂಡತಿ. “ಹಾಗಾದ್ರೆ ನಿಮ್ಮ ಶರಟು ಮಡಚಿರೋದನ್ನ ಜಪಾನಿಗೆ ಕಳಿಸಿ, ಏನಾದ್ರೂ ಪ್ರಶಸ್ತಿ ಬರಬಹುದು.”

ಶಾಸ್ತ್ರವನ್ನು ಪ್ರಯೋಗದಿಂದಲೇ ಸಾಧಿಸಬೇಕಲ್ಲ! ಗೋಡೆಯ ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಹರಿದುಕೊಂಡೆ. ದಪ್ಪ ಕಾಗದ, ಮಡಿಕೆ ಚೆನ್ನಾಗಿ ಕೂರುತ್ತದೆ. ಸ್ಕೇಲಿಟ್ಟು, ಇಂಕು ಮುಗಿದ ರೀಫಿಲ್ಲಿನಿಂದ ಗೆರೆ ಕೊರೆದು, ನಾಲಿಗೆ ಕಚ್ಚಿಕೊಂಡು ಮಡಚಿದೆ. ಬಂತು! ಎಳೆದರೆ ಬಿಚ್ಚುತ್ತಿದೆ, ಒತ್ತಿದರೆ ಮುಚ್ಚುತ್ತಿದೆ. ಅಷ್ಟರಲ್ಲಿ ಅಮ್ಮ ಬಂದರು. “ಅದರಲ್ಲಿ ಹಾಲಿನ ಲೆಕ್ಕ ಇತ್ತಲ್ಲೋ! ಯಾವ್ಯಾವ ದಿನ ಹಾಲು ಬರಲಿಲ್ಲ ಅಂತ ಗುಂಡು ಸುತ್ತಿಟ್ಟಿದ್ದೆ.” ಹದಿನಾಲ್ಕನೇ ತಾರೀಕು ಒಂದನ್ನೇ ನೋಡಬೇಕು ಎಂದರು. ಮಿಯುರಾ ಮಡಿಕೆಯಲ್ಲಿ ಅದು ಆಗುವ ಮಾತಲ್ಲ. ಒಂದು ತಾರೀಕು ಬಿಚ್ಚಿದರೆ ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ ಸಮೇತ ಇಡೀ ತಿಂಗಳೇ ಎದ್ದು ನಿಲ್ಲುತ್ತದೆ. ಇದಕ್ಕೆ ಎಂಜಿನಿಯರುಗಳು ಚಲನೆಯ ಒಂದೇ ಸ್ವಾತಂತ್ರ್ಯ ಎನ್ನುತ್ತಾರೆಂದು ವಿವರಿಸಿದೆ. ಅಮ್ಮ ಬೇರೇನೋ ಅಂದರು.

ಜುನ್ ಮಾಯೆಕಾವಾ ಎಂಬ ಇನ್ನೊಬ್ಬ ಜಪಾನೀಯರ ಹೆಸರಿನಲ್ಲಿ ಒಂದು ಪ್ರಮೇಯವಿದೆ. ಹಾಳೆ ಚಪ್ಪಟೆಯಾಗಿ ಮಡಚಿಕೊಳ್ಳಬೇಕಾದರೆ, ಗೆರೆಗಳು ಕೂಡುವ ಪ್ರತಿ ಬಿಂದುವಿನಲ್ಲೂ ಬೆಟ್ಟದಂತೆ ಏಳುವ ಮಡಿಕೆಗಳಿಗೂ ಕಣಿವೆಯಂತೆ ಇಳಿಯುವ ಮಡಿಕೆಗಳಿಗೂ ವ್ಯತ್ಯಾಸ ಎರಡೇ ಇರಬೇಕು. ಮಿಯುರಾ ಮಡಿಕೆಯ ಒಳಬಿಂದುಗಳಲ್ಲಿ ಕೂಡುವುದು ನಾಲ್ಕು ಗೆರೆ. ಅಂದರೆ ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ. ಇದನ್ನು ಓದಿ ನನಗೆ ಎಷ್ಟೋ ವರ್ಷದ ಸಂಕಟ ಇಳಿದಂತಾಯಿತು. ನಮ್ಮ ಮನೆಯಲ್ಲೂ ನಾಲ್ಕೇ ಜನ. ಹೆಂಡತಿ, ಮಗಳು, ನನ್ನ ಹೆತ್ತ ತಾಯಿ ಒಂದು ಕಡೆ. ನಾನೊಬ್ಬ ಇನ್ನೊಂದು ಕಡೆ. ಮಗಳು ಅಪ್ಪಿತಪ್ಪಿ ನನ್ನ ಪಕ್ಷಕ್ಕೆ ಬಂದು ಎರಡು-ಎರಡಾದ ದಿನ ಮನೆ ಸಮತಟ್ಟಾಗಿ ಕೂತದ್ದೇ ಇಲ್ಲ.

ಮಿಯುರಾ ಮಡಿಕೆ ಬಾಹ್ಯಾಕಾಶಕ್ಕೂ ಹೋಗಿ ಬಂದಿದೆ. 1995ರ ಮಾರ್ಚ್‌ನಲ್ಲಿ ಜಪಾನ್ ಹಾರಿಸಿದ ಸ್ಪೇಸ್ ಫ್ಲೈಯರ್ ಯೂನಿಟ್ ಎಂಬ ಉಪಗ್ರಹದಲ್ಲಿ ಈ ಮಡಿಕೆಯ ಸೌರಫಲಕವನ್ನು ಬಿಚ್ಚಿ ಪರೀಕ್ಷಿಸಿದರು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಕತೆ. 1996ರ ಜನವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ಆ ಉಪಗ್ರಹವನ್ನು ವಾಪಸ್ ತರಲು ಹೋಯಿತು. ಅದಕ್ಕೆ ವಿದ್ಯುತ್ ಕೊಡುತ್ತಿದ್ದ ಎರಡು ಸೌರಫಲಕಗಳನ್ನು ಒಳಕ್ಕೆ ಎಳೆದುಕೊಂಡರೆ, ಸರಿಯಾಗಿ ಕೂತಿಲ್ಲ, ಚಿಲಕ ಬಿದ್ದಿಲ್ಲ ಎಂದು ಸೆನ್ಸರ್‌ಗಳು ತಕರಾರು ತೆಗೆದವು. ಏನು ಮಾಡಿದರು ಗೊತ್ತೇ? ಎರಡನ್ನೂ ಕಳಚಿ ಅಲ್ಲೇ ಬಿಸಾಡಿದರು. ಆಮೇಲೆ ನೌಕೆಯಲ್ಲಿದ್ದ ಗಗನಯಾತ್ರಿ ಕೋಯಿಚಿ ವಕಾಟಾ ರೋಬಾಟ್ ತೋಳಿನಿಂದ ಉಪಗ್ರಹವನ್ನು ಹಿಡಿದು ನೌಕೆಯೊಳಗಿಟ್ಟರು. ಮಡಚಲಾಗದ ಕೊಡೆಯನ್ನು ನಾನು ಬಸ್ಸಿನ ಸೀಟಿನಲ್ಲೇ ಬಿಟ್ಟು ಇಳಿದಾಗ ಮನೆಯಲ್ಲಿ ಆದ ಗಲಾಟೆ ನೆನೆದರೆ, ದೊಡ್ಡವರಿಗೊಂದು ನ್ಯಾಯ, ನಮಗೊಂದು ನ್ಯಾಯ ಎನಿಸುತ್ತದೆ.

ಈ ವಿದ್ಯೆಯ ನಿಜವಾದ ಮಜಾ ಇರುವುದು ಬೇರೆ ಕಡೆ. ರಬ್ಬರನ್ನು ಉದ್ದಕ್ಕೆ ಎಳೆದರೆ ಅಗಲ ಕುಗ್ಗುತ್ತದೆ. ಮಿಯುರಾ ಹಾಳೆ ಉದ್ದಕ್ಕೆ ಎಳೆದರೆ ಅಗಲಕ್ಕೂ ಹಿಗ್ಗುತ್ತದೆ. ಈ ಗುಣ ಕಾಗದದ್ದಲ್ಲ, ಮಡಿಕೆಯದ್ದು. ಕಾಗದದ ಬದಲು ತಗಡು ಹಾಕಿ, ಪ್ಲಾಸ್ಟಿಕ್ ಹಾಕಿ, ನಡವಳಿಕೆ ಅದೇ. ಹೀಗೆ ಪದಾರ್ಥದಿಂದಲ್ಲದೆ ಆಕಾರದಿಂದ ಗುಣ ಪಡೆಯುವ ವಸ್ತುಗಳನ್ನು ಮೆಟಾಮೆಟೀರಿಯಲ್ ಎನ್ನುತ್ತಾರೆ. 2015ರಲ್ಲಿ ಫಿಲಿಪೊವ್, ತಾಚಿ, ಪಾಲಿನೊ ಎಂಬ ಮೂವರು ಇಂಥ ಮಡಿಕೆಯ ಎರಡು ಕೊಳವೆಗಳನ್ನು ಜಿಪ್ಪಿನ ಹಲ್ಲುಗಳ ಹಾಗೆ ಒಂದರೊಳಗೊಂದು ಕೂಡಿಸಿ ತೋರಿಸಿದರು: ಬಿಚ್ಚಲು ಸಲೀಸು, ಬಗ್ಗಿಸಲು ತಿರುಚಲು ಹೋದರೆ ಗಟ್ಟಿ. ಆಕ್ಸ್‌ಫರ್ಡಿನಲ್ಲಿ ಝಾಂಗ್ ಯೂ ಮತ್ತು ಕಾವೊರಿ ಕುರಿಬಯಾಶಿ ರಕ್ತನಾಳದೊಳಗೆ ಹೋಗಿ ಅರಳುವ ಸ್ಟೆಂಟನ್ನು ಮಡಿಕೆಯಿಂದಲೇ ಮಾಡಿದರು. ನಾನು ಇದನ್ನೆಲ್ಲ ಊಟದ ಹೊತ್ತಿನಲ್ಲಿ ಆವೇಶದಿಂದ ಹೇಳುತ್ತಿದ್ದರೆ ಹೆಂಡತಿ ನನ್ನ ಹೊಟ್ಟೆಯ ಕಡೆಯೇ ನೋಡುತ್ತಿದ್ದಳು. “ಅಗಲಕ್ಕೆ ಹಿಗ್ಗಿದ್ದು ಕಾಣ್ತಿದೆ. ಉದ್ದಕ್ಕೆ ಯಾವಾಗ?”

ಆ ಮಾತಿನ ಬಿಸಿಗೆ ರಜಾಯಿ ಮಡಚಲು ಹೋದೆ. ಅಲ್ಲಿ ಶಾಸ್ತ್ರ ಕೈಕೊಟ್ಟಿತು. ಗಣಿತದ ಕಾಗದಕ್ಕೆ ದಪ್ಪವೇ ಇಲ್ಲ. ರಜಾಯಿಗೆ ದಪ್ಪ ಬಿಟ್ಟು ಬೇರೇನೂ ಇಲ್ಲ. ಪ್ರತಿ ಮಡಿಕೆಗೂ ದಪ್ಪ ಇಮ್ಮಡಿ. ಕ್ಯಾಲಿಫೋರ್ನಿಯದ ಬ್ರಿಟ್ನಿ ಗ್ಯಾಲಿವನ್ ಹೈಸ್ಕೂಲಿನಲ್ಲಿದ್ದಾಗ, 2002ರಲ್ಲಿ, ಕಾಗದವನ್ನು 12 ಸಲ ಅರ್ಧರ್ಧ ಮಡಚಿ ತೋರಿಸಿದರು. ಅದಕ್ಕೆ ಬೇಕಾದದ್ದು ಒಂದು ಕಿಲೋಮೀಟರಿಗೂ ಉದ್ದದ ಟಾಯ್ಲೆಟ್ ಪೇಪರ್. ಕೊನೆಗೆ ಕೂತದ್ದು 4096 ಪದರ. ದಪ್ಪ ಫಲಕಗಳನ್ನು ಮಡಚಬೇಕಾದರೆ ಕೀಲುಗಳನ್ನು ಫಲಕದ ನಡುಮಟ್ಟದಿಂದ ಅಂಚಿಗೆ ಸರಿಸುವುದು ಒಂದು ಉಪಾಯವಂತೆ. ರಜಾಯಿಗೆ ಕೀಲು ಎಲ್ಲಿಂದ ತರಲಿ? ಮಂಚದ ಕೆಳಗೆ ತುರುಕಿದೆ. ಅದಕ್ಕೆ ಯಾವ ಪ್ರಮೇಯವೂ ಬೇಡ.

ಕೊನೆಯದು ಎಲಾಸ್ಟಿಕ್ ಹೊಲಿದ ಬೆಡ್‌ಶೀಟು. ಇದನ್ನು ಮಡಚಲಾರೆ ಎಂದರೆ ಸೋಮಾರಿತನ ಎನ್ನುತ್ತಾರೆ ಮನೆಯಲ್ಲಿ. ಚಪ್ಪಟೆ ಹಾಳೆಯ ಯಾವ ಬಿಂದುವಿನ ಸುತ್ತಲೂ 360 ಡಿಗ್ರಿ ಇರುತ್ತದೆ. ಈ ಬೆಡ್‌ಶೀಟಿನ ಮೂಲೆಯಲ್ಲಿ ದರ್ಜಿ ಒಂದು ಚೌಕವನ್ನೇ ಕತ್ತರಿಸಿ ಹೊಲಿದಿರುತ್ತಾನೆ. ಉಳಿಯುವುದು 270 ಮಾತ್ರ. ಇಂಥದ್ದನ್ನು ಹಿಂಜದೆ, ಕತ್ತರಿಸದೆ, ಒಂದೇ ಪದರವಾಗಿ ನೆಲಕ್ಕೆ ಹಾಸಲು ಬರುವುದೇ ಇಲ್ಲ. ವಕ್ರತೆ ಎಂಬುದನ್ನು ಬರೀ ಬಗ್ಗಿಸಿ ಅಳಿಸಲಾಗದು ಎಂದು ಗಣಿತಜ್ಞ ಗಾಸ್ 1827ರಲ್ಲೇ ಸಾಧಿಸಿಬಿಟ್ಟಿದ್ದಾನೆ. ಅದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಎರಡು ಮೂಲೆಗಳೊಳಗೆ ಕೈ ತೂರಿಸಿ, ಒಂದನ್ನು ಇನ್ನೊಂದರ ಮೇಲೆ ಮಗುಚಿ, ಕೊಡವಿ, ಮಡಚಿ, ಬೀರುವಿನಲ್ಲಿಟ್ಟು ಸೊಪ್ಪು ಬಿಡಿಸಲು ಹೋದಳು. ಎಲ್ಲಿ ಮಗುಚಿದಳೋ ನನಗೆ ಕಾಣಲಿಲ್ಲ, ಇನ್ನೊಮ್ಮೆ ತೋರಿಸು ಎನ್ನುವ ಧೈರ್ಯವೂ ಇಲ್ಲ. ಓದುಗರಲ್ಲಿ ಯಾರಿಗಾದರೂ ಆ ವರಸೆ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಮನೆ ವಿಳಾಸಕ್ಕೆ ಮಾತ್ರ ಬೇಡ.