ಎಡಗೈಗೆ ಬಂದ ಬಡ್ತಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತವನ ಎಡಗೈಗೆ ತಲೆತಲಾಂತರದಿಂದ ಒಂದೇ ಉದ್ಯೋಗ: ಗಾಳಿ ಹಾಕುವುದು. ಬಲಗೈ ಭೀಮಪಲಾಸ್ ನುಡಿಸಿ ಹೊಗಳಿಸಿಕೊಳ್ಳುತ್ತದೆ, ಎಡಗೈ ಹಿಂದುಗಡೆ ತಿದಿ ಒತ್ತುತ್ತ ಇರುತ್ತದೆ. ತಬಲಾದವನ ಎಡಗೈಗಾದರೂ ಡಗ್ಗಾ ಇದೆ, ಒಂದು ಗುಮಕಿ ಕೊಟ್ಟರೆ ಎದುರಿದ್ದವರು ತಲೆದೂಗುತ್ತಾರೆ. ಮದ್ದಲೆಯವನ ಎಡಗೈಗೂ ಮರ್ಯಾದೆಯಿದೆ. ನಾಟಕ ಕಂಪನಿಗಳು ಕಾಲಲ್ಲಿ ಒತ್ತುವ ಹಾರ್ಮೋನಿಯಂ ತಂದಾಗ ನಮ್ಮವನ ಎಡಗೈಗೂ ಬಿಡುಗಡೆ ಸಿಕ್ಕಿತ್ತು. ಸಿಕ್ಕ ಬಿಡುವಿನಲ್ಲಿ ಅದು ಮಾಡಿದ್ದೇನು? ಬಲಗೈ ಹೇಳಿದ್ದನ್ನೇ ಒಂದು ಸಪ್ತಕ ಕೆಳಗೆ ನಿಂತು ಹೇಳಿತು. ನೌಕರಿ ಬುದ್ಧಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಇಂಥ ಎಡಗೈಯನ್ನು ಹೊತ್ತುಕೊಂಡ ನನ್ನ ಮನೆಗೆ ಪುಣೆಯ ಮಾವನ ಅಕಾರ್ಡಿಯನ್ ಬಂತು. ಮಾವನಿಗೆ ಪುಣೆಯ ಎನಾಕ್ ಡೇನಿಯಲ್ಸರ ಅಕಾರ್ಡಿಯನ್ ಎಂದರೆ ಪ್ರಾಣ. ಅವರನ್ನು ಕೇಳಿ ಕೇಳಿ ತಾನೂ ಒಂದು ಕೊಂಡ, ಸೊಂಟ ಹಿಡಿದ ಮೇಲೆ ನನಗೆ ಸಾಗಹಾಕಿದ. ಹತ್ತು ಕಿಲೋ ಮೇಲೆ ತೂಗುವ ಪದಾರ್ಥ. ಬಲಗಡೆ ಹಾರ್ಮೋನಿಯಂನಂಥದೇ ಮನೆಗಳು, ಅಲ್ಲಿ ಭಯವಿಲ್ಲ. ಎಡಗಡೆ ಮಾತ್ರ 120 ಗುಂಡಿ. ಆರು ಸಾಲು, ಸಾಲಿಗೆ ಇಪ್ಪತ್ತು. ಎದೆಗೆ ಕಟ್ಟಿಕೊಂಡ ಮೇಲೆ ಅವು ನುಡಿಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಹಿರಿಯರು ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ವಾದ್ಯ ಇನ್ನೊಂದಿಲ್ಲ.

ಕುರುಡಾಗಿ ನುಡಿಸುವವನಿಗೆ ಆಧಾರ ಒಂದೇ: ‘ಸಿ’ ಗುಂಡಿಯ ನೆತ್ತಿಯಲ್ಲಿ ಒಂದು ಸಣ್ಣ ಕುಳಿ. ನಮ್ಮ ಮಾಸ್ತರರ ಭಾಷೆಯಲ್ಲಿ ಬಿಳಿ ಒಂದು. ಆ ಕುಳಿಯನ್ನು ಬೆರಳಿನಿಂದ ತಡವಿ ಹಿಡಿದರೆ ಅದರ ಮೇಲಿನದು ಅದರ ಪಂಚಮ, ಅದರ ಮೇಲಿನದು ಪಂಚಮದ ಪಂಚಮ. ಹೀಗೆ ಗದ್ದದ ತನಕ ಪಂಚಮಗಳ ಏಣಿ. ಬೇಸಿನ ಎರಡು ಸಾಲು ಬಿಟ್ಟರೆ ಉಳಿದದ್ದು ಸಿದ್ಧ ಕಾರ್ಡ್: ಮೇಜರ್, ಮೈನರ್, ಸೆವೆಂತ್, ಡಿಮಿನಿಶ್ಡ್. ಒಂದು ಗುಂಡಿ ಒತ್ತಿದರೆ ಮೂರು ಸ್ವರ ಒಟ್ಟಿಗೆ ಹೊರಬೀಳುತ್ತವೆ. ಹೆಬ್ಬೆರಳು ಅಂಚು ಹಿಡಿದು ಸುಮ್ಮನಿರುತ್ತದೆ, ದುಡಿಯುವುದು ಉಳಿದ ನಾಲ್ಕೇ. ತಿದಿ ಎಳೆಯುವುದೂ ಅದೇ ಕೈ. ಬಡ್ತಿ ಕೊಟ್ಟರು, ಹಳೇ ಕೆಲಸ ಬಿಡಿಸಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸುಖವಾಗಿರುತ್ತಿದ್ದೆ. ಮಾವ ವಾದ್ಯದ ಜೊತೆ ಜಾಝ್ ಹುಚ್ಚನ್ನೂ ಕಳಿಸಿದ್ದ. ಜಾಝಿಗೆ ಬೇಕಾದದ್ದು ನಾಲ್ಕು ಸ್ವರದ, ಐದು ಸ್ವರದ ಕಾರ್ಡ್. ಅಂಥವಕ್ಕೆ 120ರಲ್ಲಿ ಹೆಚ್ಚಾಗಿ ಗುಂಡಿಯೇ ಇಲ್ಲ. ಸೆವೆಂತ್ ಎಂಬ ಸಾಲಿದೆಯಲ್ಲ ಎಂದರೆ ಅದರಲ್ಲೂ ಪಂಚಮ ಬಿಟ್ಟು ಮೂರೇ ಸ್ವರ ಇಟ್ಟಿದ್ದಾರೆ. ಹಾಗಾದರೆ ಉಪಾಯ? ಮನೆಯಲ್ಲಿ ದೊಡ್ಡ ಕಾರ್ಯವಾದಾಗ ಪಕ್ಕದ ಮನೆಯ ಹಂಡೆ ತರುವ ಹಾಗೆ ಕಡ ತರಬೇಕು. ‘ಸಿ’ ಬೇಸ್ ಹಿಡಿದು ನಾಲ್ಕು ಮನೆ ಮೇಲಿನ ‘ಇ ಮೈನರ್’ ಒತ್ತಿದರೆ ‘ಸಿ ಮೇಜರ್ ಸೆವೆಂತ್’. ಅದೇ ಬೇಸಿಗೆ ಮೂರು ಮನೆ ಕೆಳಗಿನ ‘ಇ ಫ್ಲ್ಯಾಟ್ ಮೇಜರ್’ ಸೇರಿಸಿದರೆ ‘ಸಿ ಮೈನರ್ ಸೆವೆಂತ್’. ‘ಸಿ ಸೆವೆಂತ್’ ಮತ್ತು ಪಕ್ಕದ ‘ಜಿ ಮೈನರ್’ ಕೂಡಿದರೆ ‘ನೈಂತ್’. ಕಾಗದದ ಮೇಲೆ ಬಹಳ ಸರಳ. ಕಿರುಬೆರಳು ಕುಳಿಯ ಹತ್ತಿರ, ತೋರುಬೆರಳು ಮೇಲೆಲ್ಲೋ ಕತ್ತಲಲ್ಲಿ. ಸುಗ್ಗಿಯಲ್ಲಿ ಅಡಿಕೆ ಸುಲಿದ ಕೈಯಾದರೆ ಇನ್ನೂ ಚಂದ. ಚೊಗರು ಅಂಟಿದ ಬೆರಳು ತಿಕ್ಕಿ ತಿಕ್ಕಿ ಮಾವನ ಬಿಳಿ ಗುಂಡಿಗಳ ಪೈಕಿ ನಾನು ಹೆಚ್ಚು ಬಳಸುವಂಥವು ಕೆಂಪಡಿಕೆಯ ಬಣ್ಣಕ್ಕೆ ತಿರುಗಿವೆ. ಹಾಗಾಗಿ ನನ್ನ ಅಭ್ಯಾಸ ಎಲ್ಲಿಯವರೆಗೆ ಬಂದಿದೆ ಎಂದು ಯಾರು ಬೇಕಾದರೂ ನೋಡಿ ಹೇಳಬಹುದು.

ನಮ್ಮೂರ ಹಾರ್ಮೋನಿಯಂ ಮಾಸ್ತರರು ಒಂದು ಸಂಜೆ ಜಗಲಿಯಲ್ಲಿ ಕವಳ ಹಾಕುತ್ತ ಇದನ್ನೆಲ್ಲ ಕೇಳಿದರು.

“ಎಂತ ರಾಗನಾ ತಮಾ ಅದು?”

ರಾಗವಲ್ಲ, ಕಾರ್ಡ್ ಎಂದೆ. ನಾಲ್ಕು ಸ್ವರ ಒಟ್ಟಿಗೆ ಕೂಗಿಸಿದರೆ ಯಾವುದನ್ನು ಕೇಳುವುದು ಎಂದರು. ಪರದೇಶದ್ದೆಲ್ಲ ನಮಗೆ ಒಗ್ಗುವುದಿಲ್ಲ ಎಂಬುದು ಅವರ ತೀರ್ಪು. ಹಾರ್ಮೋನಿಯಂ ಕೂಡ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದದ್ದು, ನಮ್ಮ ಸ್ವರಕ್ಕೆ ಒಗ್ಗದ್ದೆಂದು ಆಕಾಶವಾಣಿ ಅದನ್ನು 1940ರಿಂದ 1971ರ ತನಕ ಹೊರಗಿಟ್ಟಿತ್ತು ಎಂದು ನಾನು ನೆನಪಿಸಿದೆ. ಮಾಸ್ತರರು ಕವಳ ಉಗಿದು ಬಂದು, ಆ ವಿಷಯ ಬೇರೆ ಎಂದರು. ಅವರಿಗೆ ಅಕಾರ್ಡಿಯನ್ ಹುಟ್ಟಿದ ಕತೆ ಹೇಳಲಿಲ್ಲ, ಹೇಳಿದ್ದರೆ ಇನ್ನೊಂದು ಕವಳ ಹೋಗುತ್ತಿತ್ತು. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಪೇಟೆಂಟ್ ಪಡೆದ ಮೊದಲ ಅಕಾರ್ಡಿಯನ್ನಿನಲ್ಲಿ ಗುಂಡಿಗಳಿದ್ದದ್ದು ಎಡಗೈಗೆ. ಒತ್ತಿದರೆ ಕಾರ್ಡ್ ಬರುತ್ತಿತ್ತು. ಬಲಗೈಗೆ ತಿದಿ ಎಳೆಯುವ ಚಾಕರಿ! ಇದನ್ನು ಓದಿದ ದಿನ ನನ್ನ ಎಡಗೈ ಊಟದ ಎಲೆಗೂ ಕೈಚಾಚುವಷ್ಟು ಸೊಕ್ಕಿತ್ತು.

ಮಾಸ್ತರರನ್ನು ಒಲಿಸಲು ಯಮನ್ ಹಿಡಿದೆ. ‘ಸಿ’ಯನ್ನೇ ಷಡ್ಜ ಮಾಡಿ ಬೇಸಿನಲ್ಲಿ ನಿಲ್ಲಿಸಿ ‘ಇ ಮೈನರ್’ ಒತ್ತಿದರೆ ಗ-ಪ-ನಿ, ‘ಜಿ ಮೇಜರ್’ ಒತ್ತಿದರೆ ಪ-ನಿ-ರಿ, ‘ಡಿ ಮೇಜರ್’ ಒತ್ತಿದರೆ ರಿ, ತೀವ್ರ ಮಧ್ಯಮ, ಧೈವತ. ಯಮನ್ನಿನ ಹೊರಗಿನದು ಒಂದು ಸ್ವರವೂ ಇಲ್ಲ, ಜಾಝಿನವನಿಗೂ ತಕರಾರಿಲ್ಲ. ಮಾಸ್ತರರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಸ್ವರ ಎಲ್ಲ ಸರಿ ಇದ್ದು,” ಎಂದರು. “ಯಮನ್ ಇಲ್ಲೆ.” ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಏಕೆಂದರೆ ಅವರು ಹೇಳಿದ್ದು ನಿಜ. ನಿಷಾದದಿಂದ ರಿಷಭಕ್ಕೆ ಹೋಗುವ ದಾರಿಯಲ್ಲಿ ಯಮನ್ ಇರುವುದು. ಕಾರ್ಡು ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿಬಿಡುತ್ತದೆ.

ಬೆಂಗಳೂರಿನ ಗೆಳೆಯನೊಬ್ಬ ಬಂದವನು, ಯಲ್ಲಾಪುರದ ಸಿದ್ದಿಯರ ಮುಂದೆ ನುಡಿಸು, ಅವರ ಪೂರ್ವಜರು ಆಫ್ರಿಕಾದವರು, ಜಾಝ್ ರಕ್ತದಲ್ಲೇ ಇರುತ್ತದೆ ಎಂದ. ಪೇಟೆಯವರಿಗೆ ಸಿದ್ಧಾಂತ ಎಷ್ಟು ಬೇಗ ಹೊಳೆಯುತ್ತದೋ! ಅಲ್ಲಿ ನನಗೊಬ್ಬ ಸಿದ್ದಿ ಸ್ನೇಹಿತನಿದ್ದಾನೆ, ಡಮಾಮಿ ಬಾರಿಸಿದರೆ ಅಂಗಳ ಅದುರುತ್ತದೆ. ನನ್ನ ‘ಮೈನರ್ ಸೆವೆಂತ್’ಗಳನ್ನು ಸಾವಧಾನವಾಗಿ ಕೇಳಿ, “ಇದೆಲ್ಲ ಇರಲಿ, ರಾಜನ್-ನಾಗೇಂದ್ರರ ಹಾಡು ಬರ್ತದಾ?” ಎಂದ. ನುಡಿಸಲು ಹೋದರೆ ಆ ಹಾಡಿಗೆ ಕೂತದ್ದು ಅದೇ ‘ಮೈನರ್ ಸೆವೆಂತ್’. ಕನ್ನಡದ ಹಾಡು ಹೀಗಾದರೆ, ಮುಂಬೈ ಚಿತ್ರಗೀತೆಗಳಿಗೆ ಸೆಬಾಸ್ಟಿಯನ್ ಡಿಸೋಜರಂಥ ಗೋವೆಯ ಅರೇಂಜರುಗಳು ಜಾಝಿನ ಕಾರ್ಡುಗಳನ್ನು ಯಾರಿಗೂ ಹೇಳದೆ ಕೇಳದೆ ತುಂಬಿಟ್ಟು ಹೋಗಿದ್ದಾರೆ. ಅವರ ಊರು ಕಾರವಾರದಿಂದಾಚೆ ಒಂದು ಹೊಳೆ ದಾಟಿದರೆ ಬಂತು. ನಾವು ಜಾಝ್ ಕೇಳಿಯೇ ಇಲ್ಲವೆಂದುಕೊಂಡು ರೇಡಿಯೋದಲ್ಲಿ ಅದನ್ನೇ ಕೇಳುತ್ತ ಅಡಿಕೆ ಸುಲಿದವರು.

ಮಳೆಗಾಲದ ಕಷ್ಟ ಬೇರೆ. ಅಕಾರ್ಡಿಯನ್ನಿನ ಒಳಗಿನ ರೀಡುಗಳನ್ನು ಜೇನುಮೇಣದಲ್ಲಿ ಕೂರಿಸಿರುತ್ತಾರೆ. ಥಂಡಿಗೆ ರೀಡು ತುಕ್ಕು ಹಿಡಿಯುತ್ತದೆ, ಚರ್ಮದ ಪಟ್ಟಿ ಸುರುಟುತ್ತದೆ. ಬೆಚ್ಚಗಿರಲೆಂದು ಹೊಡತಲಿನ ಹತ್ತಿರ ಇಟ್ಟರೆ ಮೇಣ ಕರಗುತ್ತದೆ. ಅತ್ತೆ ಅಟ್ಟದ ಮೇಲೆ ಅಡಿಕೆ ಜೊತೆ ಇಡಲು ಹೇಳಿದರು. ಈಗ ತಿದಿ ಎಳೆದಾಗಲೆಲ್ಲ ಹೊಗೆಯ ವಾಸನೆ ಬರುತ್ತದೆ. ಆದರೆ ಆಷಾಢದಲ್ಲಿ ಕರೆಂಟ್ ಹೋಗಿ ಭಜನೆಯವರ ಕೀಬೋರ್ಡ್ ಸತ್ತು ಬಿದ್ದಾಗ ಜನಕ್ಕೆ ನೆನಪಾಗುವವನು ನಾನೇ.

ಹಾಗೆ ನೆನಪಾದ ಮೇಲೆ ದೇವಸ್ಥಾನದಲ್ಲಿ ಮಾಸ್ತರರ ಅಧ್ಯಕ್ಷತೆಯಲ್ಲಿ ಒಂದು ಒಪ್ಪಂದವಾಯಿತು. ಭಜನೆ ನಡೆಯುವಾಗ ಎಡಗೈ ಷಡ್ಜ-ಪಂಚಮ ಬಿಟ್ಟು ಬೇರೆ ಗುಂಡಿ ಮುಟ್ಟಕೂಡದು. ಮಂಗಳಾರತಿಗೆ ಗಂಟೆ, ಜಾಗಟೆ, ಶಂಖ ಎಲ್ಲ ಒಮ್ಮೆಲೇ ಶುರುವಾದ ಮೇಲೆ ನನಗೆ ಮನಸ್ಸಿಗೆ ಬಂದದ್ದು ಒತ್ತಬಹುದು. ಈ ಷರತ್ತನ್ನು ಸಂತೋಷದಿಂದ ಒಪ್ಪಿದೆ. ಕಳೆದ ಶನಿವಾರ ಆರತಿಯ ಗದ್ದಲದಲ್ಲಿ ಕಿರುಬೆರಳು ಕುಳಿಯ ಮೇಲೆ, ತೋರುಬೆರಳು ‘ಇ ಮೈನರ್’ ಮೇಲೆ ಸರಿಯಾಗಿ ಕೂತು ‘ಮೇಜರ್ ಸೆವೆಂತ್’ ದೊಡ್ಡದಾಗಿ ಹೊರಟಿತು. ಭಟ್ಟರು ತೀರ್ಥ ಕೊಡುವಾಗ ಜಾಗಟೆ ಹೊಡೆದ ಹುಡುಗನನ್ನು ಕರೆದು, “ಇವತ್ತು ರಾಶಿ ಚೊಲೋ ಹೊಡದೆ,” ಎಂದರು.