ಎಷ್ಟು ಸುತ್ತು, ಎಷ್ಟು ಹೊತ್ತು?

ಹೊಡೆದಾಟದ ವಿಡಿಯೋ ಗೇಮಿನಲ್ಲಿ ಮೊದಲ ಜಗಳ ನಡೆಯುವುದು ಸೆಟ್ಟಿಂಗ್ಸ್ ಪುಟದಲ್ಲಿ. ಎಷ್ಟು ಸುತ್ತು, ಸುತ್ತಿಗೆ ಎಷ್ಟು ಹೊತ್ತು ಎಂಬ ಎರಡು ಸಾಲಿನ ಪ್ರಶ್ನೆಗೆ ಅಣ್ಣತಮ್ಮಂದಿರು ಆಡುವ ಮಾತು ಕೇಳಿದರೆ ಹೊಲದ ಬದುವಿನ ವ್ಯಾಜ್ಯವೇ ಮೆತ್ತಗೆ ಅನ್ನಿಸುತ್ತದೆ. ಹೊತ್ತಿನ ಸಾಲಿನಲ್ಲಿ 30 ಇರುತ್ತದೆ, 60 ಇರುತ್ತದೆ, ಆಟಕ್ಕೆ ತಕ್ಕಂತೆ 99 ಇರುತ್ತದೆ. ಗುಂಡಿ ಒತ್ತುತ್ತಾ ಹೋದರೆ ಕಟ್ಟಕಡೆಗೆ ಅಡ್ಡ ಮಲಗಿದ ಎಂಟರಂಥ ಒಂದು ಚಿಹ್ನೆ ಬರುತ್ತದೆ. ಅನಂತ! ಋಷಿಗಳು ಮನೆಮಠ ಬಿಟ್ಟು ಹುಡುಕಿದ್ದು ಇಲ್ಲಿ ನಾಲ್ಕು ಸಲ ಹೆಬ್ಬೆರಳು ಆಡಿಸಿದರೆ ಸಿಗುತ್ತದೆ. ಸಾಂಗ್ಲಿ-ಮಿರಜದ ಕಡೆ ಈ ಅನಂತದ ಪರ ವಾದಿಸಲು ಹೊರಟವನಿಗೆ ಸಾಕ್ಷಿಗಳ ಬರ ಬೀಳುವುದಿಲ್ಲ. ಕೃಷ್ಣೆಯ ದಂಡೆಯ ಆ ಸೀಮೆ ಕುಸ್ತಿಯ ಸೀಮೆ. ಅಲ್ಲಿ ಮಣ್ಣಿನ ಮೇಲೆ ಆಡುವ ನಿಕಾಲಿ ಕುಸ್ತಿಗೆ ಸುತ್ತೂ ಇಲ್ಲ, ಅಂಕವೂ ಇಲ್ಲ, ಶಾಸ್ತ್ರಪ್ರಕಾರ ಹೊತ್ತಿನ ಮಿತಿಯೂ ಇಲ್ಲ. ಒಬ್ಬ ಚಿತ್ತಾಗುವ ತನಕ ಆಟ. ಅಂಥ ಊರಿನಲ್ಲಿ ನಿಂತು ನಾನು ಹೇಳಹೊರಟಿರುವುದು ಏನೆಂದರೆ, ಗೇಮಿಗೆ 60 ಸೆಕೆಂಡಿನ ಸುತ್ತೇ ಸರಿ, ಮೂರು ಸುತ್ತು ಮೊದಲು ಗೆದ್ದವನೇ ಗೆದ್ದಂತೆ, ಅನಂತವನ್ನು ಆಯ್ಕೆ ಮಾಡುವವನು ಶೂರನಲ್ಲ, ಲೆಕ್ಕ ತಪ್ಪಿದವನು.

ನಿಕಾಲಿಯ ಚೆಲುವನ್ನು ಅಲ್ಲಗಳೆಯುವುದು ನನ್ನಿಂದಾಗದು. ಜರಡಿ ಹಿಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡಿದ ಕಣ. ಅಡುಗೆಮನೆಗಿಂತ ಹೆಚ್ಚು ಪದಾರ್ಥ ಅದರೊಳಗೆ ಹೋಗಿರುತ್ತದೆ. ಹಲಗಿಯ ಸದ್ದು ಏರುತ್ತದೆ. ಇಬ್ಬರೂ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಒಬ್ಬರ ಮೈಗೊಬ್ಬರು ಎರಚುತ್ತಾರೆ, ಎಣ್ಣೆ ಬೆವರಿಗೆ ಜಾರುವ ಮೈಯಲ್ಲಿ ಹಿಡಿತ ಸಿಗಲಿ ಎಂದು. ಎದುರಾಳಿಗೆ ತನ್ನನ್ನು ಹಿಡಿಯಲು ತಾನೇ ಅನುಕೂಲ ಮಾಡಿಕೊಡುವ ಈ ಸೌಜನ್ಯ ಬೇರೆ ಯಾವ ಆಟದಲ್ಲಿದೆಯೋ ಕಾಣೆ. ತೀರ್ಪು ಇನ್ನೂ ಸೊಗಸು. ಬೆನ್ನಿಗೆ ಮಣ್ಣು ಹತ್ತಿತೋ ಇಲ್ಲವೋ, ಅಷ್ಟೇ. ಸಾಕ್ಷಿಯನ್ನು ಸೋತವನು ಬೆನ್ನ ಮೇಲೆ ಹೊತ್ತುಕೊಂಡೇ ಮನೆಗೆ ಹೋಗುತ್ತಾನೆ. ಇಂಥ ಮಣ್ಣಿನಿಂದಲೇ ಗಡಿಯಾಚೆಗಿನ ಚಿಕ್ಕೋಡಿ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ, ಸಾಂಗ್ಲಿ ಜಿಲ್ಲೆಯ ಶಿರಾಳಾ ತಾಲ್ಲೂಕಿನ ಗಣಪತರಾವ್ ಆಂದಳಕರ 1960ರಲ್ಲಿ, ಸಾಂಗ್ಲಿಗೆ ಹತ್ತಿರದ ಕವಠೆಪಿರಾನದ ಮಾರುತಿ ಮಾನೆ 1964ರಲ್ಲಿ ಹಿಂದ್ ಕೇಸರಿ ಎಂಬ ಕುಸ್ತಿಯ ಪಟ್ಟ ಗೆದ್ದರು. ಇಷ್ಟೆಲ್ಲ ಒಪ್ಪಿಯೂ ಒಂದು ಮಾತು. ಜಾತ್ರೆಯ ಕಣದಲ್ಲಿ ದೊಡ್ಡ ಜೋಡಿ ಬಿಡಿಸಿಕೊಳ್ಳದೆ ನಿಂತಾಗ ಕಮಿಟಿಯವರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು: ಮೊದಲು ಪಡುವಣಕ್ಕೆ, ಆಮೇಲೆ ಕೈಗಡಿಯಾರಕ್ಕೆ. ಇನ್ನಿಷ್ಟು ನಿಮಿಷ, ಆಮೇಲೆ ಅಂಕದ ಮೇಲೆ ತೀರ್ಪು ಎಂದು ಮೈಕಿನಲ್ಲಿ ಕೂಗುತ್ತಾರೆ, ಇಲ್ಲವೇ ಬರಾಬರಿ ಎಂದು ಬಿಡಿಸುತ್ತಾರೆ. ಅಂದರೆ ನಿಕಾಲಿಯಲ್ಲೂ ಗಡಿಯಾರ ಇತ್ತು, ಜೇಬಿನಲ್ಲಿತ್ತು ಅಷ್ಟೆ. ಗೇಮು ಅದನ್ನು ತೆರೆಯ ನೆತ್ತಿಯ ಮೇಲೆ ತಂದು ಕೂರಿಸಿತು. ಇಬ್ಬರಿಗೂ ಕಾಣುವ ಗಡಿಯಾರ, ಕಮಿಟಿಯವರಿಗೆ ಮಾತ್ರ ಕಾಣುವ ಗಡಿಯಾರಕ್ಕಿಂತ ಹೆಚ್ಚು ಪ್ರಾಮಾಣಿಕವಲ್ಲವೇ?

ಗಡಿಯಾರವೇ ಇಲ್ಲದೆ ಬಿಟ್ಟರೆ ಏನಾಗುತ್ತದೆ ಎಂಬ ಪ್ರಯೋಗವನ್ನು ಮನುಷ್ಯಜಾತಿ ಮಾಡಿ ನೋಡಿಯಾಗಿದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ರಷ್ಯಾದ ಪರ ಆಡಿದ ಎಸ್ಟೋನಿಯಾದ ಮಾರ್ಟಿನ್ ಕ್ಲೈನ್‌ನಿಗೂ ಫಿನ್‌ಲೆಂಡಿನ ಅಸಿಕೈನೆನ್‌ನಿಗೂ ಗ್ರೀಕೋ-ರೋಮನ್ ಕುಸ್ತಿ ಬಿತ್ತು. 11 ಗಂಟೆ 40 ನಿಮಿಷ ನಡೆಯಿತು. ಮಿರಜ ಜಂಕ್ಷನ್ನಿನಲ್ಲಿ ರೈಲು ಹತ್ತಿದವನು ಅಷ್ಟರಲ್ಲಿ ಪುಣೆಗೆ ಹೋಗಿ, ಊಟ ಮುಗಿಸಿ, ಮಿರಜಕ್ಕೆ ವಾಪಸು ಹೊರಟಿರುತ್ತಾನೆ. ಕೊನೆಗೆ ಕ್ಲೈನ್ ಗೆದ್ದ. ಗೆದ್ದು ಎಷ್ಟು ಸುಸ್ತಾಗಿದ್ದನೆಂದರೆ ಚಿನ್ನದ ಪದಕದ ಕುಸ್ತಿಗೆ ಇಳಿಯಲಾಗದೆ ಬೆಳ್ಳಿಗೆ ತೃಪ್ತಿಪಟ್ಟ. ಗಡಿಯಾರವಿಲ್ಲದ ಆಟದಲ್ಲಿ ಗೆಲುವೇ ಗೆದ್ದವನನ್ನು ಸೋಲಿಸಿತು. ಅದೇ ಕ್ರೀಡಾಕೂಟದಲ್ಲಿ ಇನ್ನೊಂದು ತೂಕದವರ ಚಿನ್ನದ ಪದಕಕ್ಕಾಗಿ ಸ್ವೀಡನ್ನಿನ ಆಲ್‌ಗ್ರೆನ್ನೂ ಫಿನ್‌ಲೆಂಡಿನ ಬೋಲಿಂಗೂ ಒಂಬತ್ತು ತಾಸು ತಬ್ಬಿಕೊಂಡು ನಿಂತರು. ಯಾರೂ ಬೀಳಲಿಲ್ಲ. ಪಂಚರು ಇಬ್ಬರಿಗೂ ಬೆಳ್ಳಿ ಕೊಟ್ಟು, ಚಿನ್ನವನ್ನು ಯಾರಿಗೂ ಕೊಡದೆ ಮನೆಗೆ ಕಳಿಸಿದರು. ನಮ್ಮ ಕಡೆಯ ಸಾಕ್ಷಿ ಬೇಕೆಂದರೆ ಗಾಮಾ ಪೈಲ್ವಾನರಿದ್ದಾರೆ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೋ ಗಾಮಾರ ಎದುರು ಎರಡೂವರೆ ತಾಸಿಗೂ ಹೆಚ್ಚು ಹೊತ್ತು ಇದ್ದ. ಅದರ ಬಹುಪಾಲನ್ನು ನೆಲಕ್ಕೆ ಅಂಟಿಕೊಂಡು ಕಳೆದ. ಬೋರಲು ಬಿದ್ದವನ ಬೆನ್ನಿಗೆ ಮಣ್ಣು ಹತ್ತಿಸುವುದು ಗಾಮಾರಿಗೂ ಆಗಲಿಲ್ಲ, ಕುಸ್ತಿ ತೀರ್ಮಾನವಾಗಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ ಒಂದು ನಿಮಿಷದೊಳಗೆ ಜ್ಬಿಸ್ಕೋ ಚಿತ್ತಾಗಿದ್ದ. ಬಲಾಬಲ ತಿಳಿಯಲು ಒಂದು ನಿಮಿಷ ಸಾಕಾಗುವ ಜೋಡಿಗೆ, ಮಿತಿಯಿಲ್ಲದ ಹೊತ್ತು ಕೊಟ್ಟಾಗ ಎರಡೂವರೆ ತಾಸೂ ಸಾಲಲಿಲ್ಲ.

ಇಲ್ಲಿ ಅನಂತವಾದಿಗಳು ಎದ್ದು ನಿಲ್ಲುತ್ತಾರೆ. ಗಡಿಯಾರ ಇಟ್ಟರೆ ಹೇಡಿಗೆ ಆಸರೆ ಕೊಟ್ಟ ಹಾಗೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಟೆಕ್ಕನ್ ಎಂಬ ಗೇಮು ಆಡುವವನೊಬ್ಬ ಎರಡು ಏಟು ಹೆಚ್ಚಿಗೆ ಹೊಡೆದು, ಉಳಿದ 25 ಸೆಕೆಂಡು ಹಿಂದಕ್ಕೆ ಜಿಗಿಯುತ್ತಾ, ಸುತ್ತು ಹಾಕುತ್ತಾ, ಕೈಗೆ ಸಿಗದೆ ಅಲೆಯುತ್ತಾನೆ. ಗಡಿಯಾರ ಸೊನ್ನೆಗೆ ಬಂದಾಗ ಯಾರ ಲೈಫಿನ ಪಟ್ಟಿ ಉದ್ದವಿದೆಯೋ ಅವನಿಗೆ ಸುತ್ತು. ನೋಡುವವರಿಗೆ ಚಪ್ಪಲಿ ಎಸೆಯೋಣ ಅನ್ನಿಸುವುದು ಸಹಜ, ಎಸೆದರೆ ಒಡೆಯುವುದು ಸ್ವಂತ ಟಿವಿ ಎಂಬ ಕಾರಣಕ್ಕೆ ಸುಮ್ಮನಿರುತ್ತಾರೆ. ಆದರೆ ಹೇಡಿ ಎರಡೂ ಏರ್ಪಾಟಿನಲ್ಲಿದ್ದಾನೆ. ಗಡಿಯಾರ ಇದ್ದಾಗ ಓಡುವವನು ಮುಂದಿರುವವನು. ಇಲ್ಲದಾಗ ಮುದುಡಿ ಕೂರುವವನು ಹಿಂದೆ ಬಿದ್ದವನು, ಜ್ಬಿಸ್ಕೋನ ಹಾಗೆ. ಅವನಿಗೆ ಎದ್ದು ಬರುವ ಯಾವ ಒತ್ತಾಯವೂ ಇಲ್ಲ. ಎದುರಾಳಿ ಬೇಸತ್ತು ಒಂದು ತಪ್ಪು ಮಾಡಲಿ ಎಂದು ಕಾಯುತ್ತಾನೆ. ಮುಂದಿರುವವನಿಗಾದರೂ ಮೇಲೆ ಬೀಳುವ ಜರೂರು ಏನಿದೆ? ಇಬ್ಬರೂ ತಡೆಯುವ ಗುಂಡಿಯನ್ನು ಒತ್ತಿ ಹಿಡಿದು ಒಬ್ಬರನ್ನೊಬ್ಬರು ದಿಟ್ಟಿಸುತ್ತಾರೆ. ಗಡಿಯಾರ ಇಟ್ಟರೆ ಇಬ್ಬರಲ್ಲಿ ಒಬ್ಬನಾದರೂ ಕೆಲಸ ಮಾಡಲೇಬೇಕಾಗುತ್ತದೆ. ಇಬ್ಬರಿಗೊಬ್ಬ ದುಡಿಯುವುದೆಂದರೆ ಎಷ್ಟೋ ಕಚೇರಿಗಳಿಗಿಂತ ಒಳ್ಳೆಯ ಅನುಪಾತ. ಓಡುವವನಿಗೂ ಮದ್ದಿದೆ. ಮ್ಯಾಟಿನ ಮೇಲಿನ ಫ್ರೀಸ್ಟೈಲ್ ಕುಸ್ತಿಯಲ್ಲಿ ಎಚ್ಚರಿಕೆ ಕೊಟ್ಟ ಮೇಲೂ ಮೈಗಳ್ಳತನ ಮಾಡುವವನಿಗೆ 30 ಸೆಕೆಂಡು ಗಡುವು ಕೊಡುತ್ತಾರೆ, ಅಷ್ಟರೊಳಗೆ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ. ಗಿಲ್ಟಿ ಗಿಯರ್ ಎಂಬ ಗೇಮು ಸದಾ ಹಿಂದೆ ಸರಿಯುವವನು ಕೂಡಿಟ್ಟ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ಹೇಡಿತನವನ್ನು ನಿರ್ಮೂಲ ಮಾಡಲು ಆಗದಿದ್ದಾಗ ಅದಕ್ಕೆ ದಂಡ ಹಾಕಿ, ಮುಗಿಯುವ ಹೊತ್ತು ಗೊತ್ತುಮಾಡಬೇಕು. ಗಡಿಯಾರದ ಹೇಡಿತನ 25 ಸೆಕೆಂಡಿಗೆ ಮುಗಿಯುತ್ತದೆ. ಅನಂತದ ಹೇಡಿತನಕ್ಕೆ ಸ್ಟಾಕ್‌ಹೋಮ್ ಸಾಕ್ಷಿ.

ಇನ್ನು ಸುತ್ತಿನ ವಿಚಾರ. ಮಣ್ಣಿನಲ್ಲಿ ಒಂದೇ ಸಲ ಬಿದ್ದರೆ ಮುಗಿಯಿತು, ಗೇಮಿಗೇಕೆ ಐದೈದು ಜನ್ಮ ಎಂದು ಕೇಳಬಹುದು. ಮಣ್ಣಿನ ಕುಸ್ತಿಯಲ್ಲಿ ಒಂದು ಪಟ್ಟು ತಪ್ಪಿದರೆ ಅದನ್ನು ಬಿಡಿಸಿಕೊಳ್ಳಲು ಹತ್ತು ಪಟ್ಟುಗಳ ಅವಕಾಶವಿರುತ್ತದೆ, ಅದರ ಉದ್ದವೇ ಅದೃಷ್ಟವನ್ನು ಸೋಸಿ ತೆಗೆಯುತ್ತದೆ. ಗೇಮಿನ ಒಂದು ಸುತ್ತು ಎಷ್ಟೋ ಸಲ ಅರ್ಧ ನಿಮಿಷಕ್ಕೇ ಮುಗಿದುಹೋಗುತ್ತದೆ. ಹೆಬ್ಬೆರಳು ಒಂದು ಸಲ ಜಾರಿದರೆ ಮುಗಿಯಿತು. ಆದ್ದರಿಂದ ಮಣ್ಣಿನಲ್ಲಿ ಹೊತ್ತು ಮಾಡುವ ಕೆಲಸವನ್ನು ಇಲ್ಲಿ ಸುತ್ತುಗಳು ಮಾಡಬೇಕು. ಎಷ್ಟು ಸುತ್ತು ಎಂದರೆ, ಲೆಕ್ಕ ಹಾಕಿಯೇ ನೋಡಬಹುದು. ಜಾಣ ಆಟಗಾರ ನೂರರಲ್ಲಿ 60 ಸುತ್ತು ಗೆಲ್ಲಬಲ್ಲವನು ಎಂದಿಟ್ಟುಕೊಳ್ಳಿ. ಒಂದೇ ಸುತ್ತಾದರೆ ಅವನಿಗೆ ನ್ಯಾಯ ಸಿಗುವ ಸಾಧ್ಯತೆ ನೂರಕ್ಕೆ 60. ಮೂರರಲ್ಲಿ ಎರಡು ಗೆಲ್ಲಬೇಕು ಎಂದಾಗ ಸುಮಾರು 65, ಐದರಲ್ಲಿ ಮೂರು ಎಂದಾಗ 68, ಏಳರಲ್ಲಿ ನಾಲ್ಕು ಎಂದಾಗ 71. ಸುತ್ತು ಏರಿದಂತೆ ನ್ಯಾಯ ಏರುತ್ತದೆ ನಿಜ, ಆದರೆ ಚಿಲ್ಲರೆ ಚಿಲ್ಲರೆಯಾಗಿ. ಎಲ್ಲಿ ನಿಲ್ಲಬೇಕೆಂಬುದು ಗಣಿತದ ಪ್ರಶ್ನೆಯಲ್ಲ, ಸರದಿಗಾಗಿ ಪಕ್ಕದಲ್ಲಿ ಕೂತವನ ಸಹನೆಯ ಪ್ರಶ್ನೆ. ಸೋಜಿಗವೆಂದರೆ ಆ ಸಹನೆಯ ಅಳತೆಯಲ್ಲಿ ಲೋಕಕ್ಕೆ ಭಿನ್ನಾಭಿಪ್ರಾಯ ಕಡಿಮೆ. ಟೆಕ್ಕನ್ 8ರಲ್ಲಿ 60 ಸೆಕೆಂಡಿನ ಸುತ್ತು, ಹೆಚ್ಚೆಂದರೆ ಐದು: ಒಟ್ಟು 300. ಸ್ಟ್ರೀಟ್ ಫೈಟರ್ 6ರಲ್ಲಿ 99ರ ಎಣಿಕೆ, ಹೆಚ್ಚೆಂದರೆ ಮೂರು: 297. ಇವೆರಡರ ಭಕ್ತರು ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳವಾಡುವುದು ಈ ಮೂರರ ಅಂತರಕ್ಕೆ. ಮ್ಯಾಟ್ ಕುಸ್ತಿಗೆ ಮೂರು ನಿಮಿಷದ ಎರಡು ಅವಧಿ, 360. ಜಪಾನಿನ ಎರಡು ಕಂಪನಿಗಳೂ ಕುಸ್ತಿಯ ಜಾಗತಿಕ ಒಕ್ಕೂಟವೂ ಬೇರೆ ಬೇರೆ ದಾರಿ ಹಿಡಿದು ಐದಾರು ನಿಮಿಷದ ಹತ್ತಿರವೇ ಬಂದು ನಿಂತಿವೆ.

ಕುಸ್ತಿಯೇ ಬಿಡಿಬಿಡಿ ಸುತ್ತುಗಳ ಪದ್ಧತಿಯನ್ನು ಕೈಬಿಟ್ಟಿತಲ್ಲ, ಎಂದು ಓದಿಕೊಂಡವರು ಕೇಳುತ್ತಾರೆ. ಹೌದು. 2005ರಿಂದ 2013ರವರೆಗೆ ಎರಡೆರಡು ನಿಮಿಷದ ಮೂರು ಸುತ್ತು, ಎರಡು ಗೆದ್ದವನಿಗೆ ಜಯ ಎಂಬ ನಿಯಮವಿತ್ತು. ಮೊದಲ ಸುತ್ತಿನಲ್ಲಿ 0-5 ಸೋತು, ಮುಂದಿನವೆರಡನ್ನು 1-0 ಗೆದ್ದರೆ ಒಟ್ಟು ಎರಡೇ ಅಂಕದವನು ಐದು ಅಂಕದವನನ್ನು ಸೋಲಿಸಿದಂತಾಗುತ್ತಿತ್ತು. ಸುತ್ತು ಸೊನ್ನೆ-ಸೊನ್ನೆಗೆ ಮುಗಿದರೆ ಚೀಲದೊಳಗಿಂದ ಬಣ್ಣದ ಚೆಂಡು ತೆಗೆದು, ಯಾರ ಕಾಲನ್ನು ಯಾರು ಹಿಡಿದು ಶುರುಮಾಡಬೇಕೆಂದು ತೀರ್ಮಾನಿಸುತ್ತಿದ್ದರು. ವರ್ಷಗಟ್ಟಲೆ ಬಾದಾಮಿ ಅರೆದು ಕುಡಿದ ದೇಹದ ಹಣೆಬರಹ ಒಂದು ಚೆಂಡಿನ ಬಣ್ಣದಲ್ಲಿ. 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಮಂಡಳಿ 2020ರಿಂದ ಕುಸ್ತಿಯನ್ನೇ ಬಿಡೋಣ ಎಂದಿತು. ಗಾಬರಿಬಿದ್ದ ಕುಸ್ತಿಯವರು ಅಂಕಗಳನ್ನು ಒಟ್ಟಿಗೆ ಕೂಡಿಸುವ ಈಗಿನ ಕ್ರಮಕ್ಕೆ ಬಂದರು, ಸೆಪ್ಟೆಂಬರಿನಲ್ಲಿ ಜಾಗ ಮರಳಿ ಸಿಕ್ಕಿತು. ಗೇಮಿನವರೂ ಇದನ್ನು ಯೋಚಿಸದೆ ಬಿಟ್ಟಿಲ್ಲ. 1994ರ ಕಿಲ್ಲರ್ ಇನ್‌ಸ್ಟಿಂಕ್ಟ್‌ನಲ್ಲಿ ಸುತ್ತುಗಳ ಬದಲು ಒಬ್ಬೊಬ್ಬರಿಗೆ ಎರಡೆರಡು ಲೈಫಿನ ಪಟ್ಟಿ. ಗೆದ್ದವನು ತಿಂದ ಏಟು ಹಾಗೇ ಉಳಿಯುತ್ತದೆ. ಆದರೂ ಆ ಕ್ರಮ ಬೇರೆ ಗೇಮುಗಳಿಗೆ ಹೆಚ್ಚು ಹರಡಲಿಲ್ಲ, ಹರಡಬೇಕೆಂದೂ ನನಗನ್ನಿಸದು. ಕುಸ್ತಿಯಲ್ಲಿ ಮೈಯೇ ಲೆಕ್ಕದ ಪುಸ್ತಕ. ಸುತ್ತು ಬದಲಾದರೂ ಉಸಿರು ಹಳೆಯದೇ. ಗೇಮಿನ ಪೈಲ್ವಾನನಿಗೆ ದಣಿವೆಂಬುದಿಲ್ಲ, ಹಾಗಾಗಿ ಸುತ್ತು ಬದಲಾದಾಗ ಅವನು ನಿಜವಾಗಿಯೂ ಹೊಸಬ. ದಣಿಯುವುದು ಅವನನ್ನು ಆಡಿಸುವವನ ಅಹಂಕಾರ ಮಾತ್ರ, ಅದಕ್ಕೂ ಎದ್ದು ಮುಖ ತೊಳೆಯುವಷ್ಟು ಬಿಡುವು ಬೇಕು.

ಗಡಿಯಾರ ಇಟ್ಟರೆ ಕಲೆ ಸಾಯುತ್ತದೆ ಎಂಬ ಗಂಭೀರ ಆಕ್ಷೇಪವೊಂದಿದೆ. ಇದಕ್ಕೆ ಮಿರಜದವರೇ ಉತ್ತರ ಹೇಳಬೇಕು. ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಅಲ್ಲಿ. 1937ರಲ್ಲಿ ಅವರು ತೀರಿಕೊಂಡ ಮೇಲೆ ಮೀರಾಸಾಹೇಬರ ದರ್ಗಾದ ಉರುಸಿನಲ್ಲಿ ಅವರ ನೆನಪಿನ ಸಂಗೀತ ಸಭೆ ನಡೆದುಕೊಂಡು ಬಂದಿದೆ. ಖಾನ್ ಸಾಹೇಬರು ಗ್ರಾಮಫೋನಿಗೆ ಹಾಡಿದಾಗ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದದ್ದು ಮೂರು, ಮೂರೂಕಾಲು ನಿಮಿಷ. ಅಷ್ಟರಲ್ಲಿ ಮಿರಜದ ತಂಬೂರಿಯ ನಾಲ್ಕು ತಂತಿ ಶ್ರುತಿಗೂಡಿದರೆ ಪುಣ್ಯ. ಆದರೂ ‘ಜಮುನಾ ಕೇ ತೀರ್’ ಕೇಳಿನೋಡಿ, ಎಲ್ಲಿಯೂ ಗಡಿಬಿಡಿಯಿಲ್ಲ. ಅವರ ಕಾಲಾನಂತರ ಹುಟ್ಟಿದವರಿಗೆ ಆ ಕಂಠ ಸಿಕ್ಕಿದ್ದು ಆ ಮೂರು ನಿಮಿಷದಿಂದ, ರಾತ್ರಿಯಿಡೀ ನಡೆದ ಕಚೇರಿಗಳಿಂದಲ್ಲ. ಸಾಂಗ್ಲಿಗೂ ಇಂಥದೊಂದು ನಂಟಿದೆ. 1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳ ಅಲ್ಲಿಗೆ ಹೋಗಿ ಆಡಿದ್ದನ್ನು ಕಂಡೇ ರಾಜ ಚಿಂತಾಮಣರಾವ್ ಪಟವರ್ಧನರು ಇಂಥದು ಮರಾಠಿಯಲ್ಲೂ ಆಗಲಿ ಎಂದದ್ದು, ಮರುವರ್ಷ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದ್ದು. ಬೆಳಗಿನ ತನಕ ಆಡುತ್ತಿದ್ದ ಆ ಯಕ್ಷಗಾನ ಇಂದು ಕಾಲಮಿತಿ ಎಂದು ಭಿತ್ತಿಪತ್ರದಲ್ಲೇ ಅಚ್ಚು ಹಾಕಿಸಿಕೊಂಡು ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತದೆ. ಗೊಣಗುವವರಿದ್ದಾರೆ, ಗೊಣಗುತ್ತಲೇ ಟಿಕೆಟ್ ತೆಗೆದುಕೊಳ್ಳುತ್ತಾರೆ. ಕುಸ್ತಿಯಲ್ಲೂ ಹಾಗೇ: ಮಣ್ಣಿನ ಮಗ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಗಡಿಯಾರದ ಕೆಳಗಿನ ಮ್ಯಾಟಿನ ಮೇಲೆ. 2023ರಲ್ಲಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ಸ್ಪರ್ಧೆ ಸಾಂಗ್ಲಿಯಲ್ಲೇ ನಡೆದು, ಸಾಂಗ್ಲಿಯ ಪ್ರತೀಕ್ಷಾ ಬಾಗಡಿ ಗೆದ್ದಾಗಲೂ ಗಡಿಯಾರ ಓಡುತ್ತಲೇ ಇತ್ತು, ಊರಿನ ಮಾನಕ್ಕೇನೂ ಕುಂದು ಬರಲಿಲ್ಲ.

ಉಳಿದದ್ದು ಒಂದು ಕುಹಕದ ಪ್ರಶ್ನೆ: 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಗಡಿಯಾರ ಇಟ್ಟದ್ದು ನಾಣ್ಯ ಹಾಕಿಸಿ ಆಡಿಸುವ ಅಂಗಡಿಯವನಿಗೆ ಮುಂದಿನ ನಾಣ್ಯ ಬೇಗ ಬೀಳಲಿ ಎಂದಲ್ಲವೇ, ಮನೆಯಲ್ಲಿ ಯಾವ ನಾಣ್ಯ? ಇರಬಹುದು. ವ್ಯಾಪಾರಿಯ ಬುದ್ಧಿಯಿಂದ ಹುಟ್ಟಿದ ನಿಯಮಗಳೆಲ್ಲ ಕೆಟ್ಟವೆಂದರೆ ತಕ್ಕಡಿಯನ್ನೂ ಎಸೆಯಬೇಕಾಗುತ್ತದೆ. ಅನಂತಕ್ಕೂ ಒಂದು ಸರಿಯಾದ ಜಾಗವಿದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ. ನಸುಕಿನಲ್ಲಿ ತಾಲೀಮಿಗೆ ಇಳಿದವರು ಗಡಿಯಾರ ನೋಡುವುದಿಲ್ಲ. ವಸ್ತಾದರು ಸಾಕೆಂದಾಗ ಸಾಕು, ಅವರು ಸಾಕೆನ್ನುವುದು ಅಪರೂಪ. ಗೇಮಿನಲ್ಲಿ ಅದಕ್ಕೆಂದೇ ಪ್ರಾಕ್ಟೀಸ್ ಎಂಬ ಬೇರೆ ಪುಟವಿದೆ. ಅಲ್ಲಿನ ಎದುರಾಳಿ ಎಷ್ಟು ಹೊಡೆದರೂ ಹೊಡೆಸಿಕೊಂಡು ನಿಂತಿರುತ್ತಾನೆ, ಅವನ ಲೈಫು ತಾನಾಗಿ ತುಂಬಿಕೊಳ್ಳುತ್ತದೆ, ಸೋತೆನೆಂದು ಮುನಿಸಿಕೊಳ್ಳುವುದಿಲ್ಲ, ಊಟಕ್ಕೆ ಕರೆದರೂ ಏಳುವುದಿಲ್ಲ. ಅಂಥವನ ಜೊತೆ ಬೇಕಾದರೆ ಅನಂತಕಾಲ ಆಡಿಕೊಳ್ಳಲಿ, ನನ್ನದೇನೂ ಅಡ್ಡಿಯಿಲ್ಲ.